ಬೀರು ಹೋಗುವ ಬೀದಿ

ಭಾನುವಾರ ಬೆಳಿಗ್ಗೆ ಆರೂಕಾಲು ಗಂಟೆಗೆ ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಒಂದು ಬಿದಿರಿನ ಗಳ ಸಿಕ್ಕಿಹಾಕಿಕೊಂಡಿತು. ಅದರ ಒಂದು ತುದಿ ಹಿಟ್ಟಿನ ಗಿರಣಿಯ ಕಟ್ಟೆಗೆ ಒತ್ತಿಕೊಂಡಿತ್ತು, ಇನ್ನೊಂದು ತುದಿ ಎದುರು ಮನೆಯ ಮೆಟ್ಟಿಲಿಗೆ. ನಡುವೆ ಗಳವನ್ನು ಅಡ್ಡಲಾಗಿ ಹಿಡಿದು, ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಹೋಗಲಾರದೆ ನಿಂತಿದ್ದವರು ಕಟಿಂಗ್ ಮಾಸ್ತರು.

ಗಳದ ಎರಡು ತುದಿಗೂ ಕೆಂಪು ಬಟ್ಟೆ ಸುತ್ತಿತ್ತು. ಮಾಸ್ತರರ ಕಿವಿಯ ಮೇಲೆ ಪೆನ್ಸಿಲು ಇತ್ತು, ಜೇಬಿನಲ್ಲಿ ಚಪ್ಪಟೆ ಚಾಕ್‌ಪೀಸು. ಮುಂದೆ ಆ ಬೀದಿಯಲ್ಲಿ ನಡೆದದ್ದಕ್ಕೆಲ್ಲ ಈ ವಸ್ತುಗಳೇ ಕಾರಣ ಎಂದು ಕೆಲವರು ಹೇಳುತ್ತಾರೆ. ಅಲ್ಲ, ಬೀದಿಯವರ ಮನಸ್ಸಾಕ್ಷಿಯೇ ಕಾರಣ ಎಂದು ಉಳಿದವರು. ಎರಡು ಹೇಳಿಕೆಗಳನ್ನೂ ದಾಖಲಿಸಿ ಮುಂದುವರಿಯುವುದು ಕ್ಷೇಮ.

ಮಾಸ್ತರು ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗದ ಮುಖ್ಯಸ್ಥರು. ಉದ್ದ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸುತ್ತಾರೆ. ಮೇಲಿನ ಪದರದ ಮೇಲೆ ಮಾಸ್ತರು ಗುರುತು ಹಾಕುತ್ತಾರೆ. ಮೆಷಿನು ಬಂದು ಅಷ್ಟೂ ಪದರವನ್ನು ಒಮ್ಮೆಗೇ ಕತ್ತರಿಸುತ್ತದೆ. ಮಾಸ್ತರರ ಒಂದು ಗೆರೆ ತಪ್ಪಿದರೆ ಒಂದಿಡೀ ಶಾಲೆಯ ಹುಡುಗರ ಚಡ್ಡಿ ತಪ್ಪುತ್ತದೆ. ಅವರ ಗೆರೆ ಇದುವರೆಗೆ ತಪ್ಪಿರಲಿಲ್ಲ. ಕಾರ್ಖಾನೆಯಲ್ಲಿ ಇದು ಎಲ್ಲರಿಗೂ ಗೊತ್ತು, ಏಕೆಂದರೆ ಮಾಸ್ತರು ಎಲ್ಲರಿಗೂ ಹೇಳಿದ್ದರು.

ಇಂಥವರಿಗೆ ಮನೆ ಬದಲಿಸುವ ಪ್ರಸಂಗ ಬಂತು. ಬಾಡಿಗೆ ಮನೆಯ ಮಾಲೀಕರು ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವವರಿದ್ದರು. “ತಿಂಗಳ ಕೊನೆಗೆ ಬುಲ್ಡೋಜರ್ ಬರುತ್ತೆ, ನೀವು ಒಳಗಿದ್ರೂ ಬರುತ್ತೆ,” ಎಂದು ನಗುನಗುತ್ತಲೇ ಹೇಳಿದ್ದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಮನೆ ಬದಲಿಸಿ ನೋಡು ಎಂದು ಸೇರಿಸದೆ ಬಿಟ್ಟರು. ಪ್ರಾಯಶಃ ಅವರ ಮನೆಯಲ್ಲಿ ಬೀರು ಇರಲಿಲ್ಲ.

ಮಾಸ್ತರರ ಮನೆಯಲ್ಲಿ ಇತ್ತು. ಮರಗೆಲಸದವರಾಗಿದ್ದ ಅವರ ಮಾವ, ಮಗಳು ಸಂಸಾರ ಹೂಡಿದ ಹೊಸದರಲ್ಲಿ, ಅದೇ ಮನೆಯ ಹಜಾರದಲ್ಲಿ ಕೂತು ಒಂದು ಮೊಳೆಯನ್ನೂ ಬಳಸದೆ ಮಾಡಿಕೊಟ್ಟ ಬೀರು ಅದು. ಬಿಚ್ಚಲು ಬರುವುದಿಲ್ಲ. ಮಲಗಿಸುವ ಹಾಗಿಲ್ಲ, ಮಲಗಿಸಿದರೆ ಕೀಲು ಸಡಿಲವಾಗುತ್ತದೆಂದು ಮಾವ ಕಣ್ಣು ಮುಚ್ಚುವ ಮುಂಚೆ ಎಚ್ಚರಿಸಿದ್ದರು. ಬೇರೆಯವರ ತಂದೆ ಆ ಹೊತ್ತಿನಲ್ಲಿ ಆಸ್ತಿಯ ವಿಷಯ ಹೇಳುತ್ತಾರೆ. ಇವರಿಗೆ ಹೇಳಲು ಬೀರುವಿನ ವಿಷಯ ಇತ್ತು.

“ರೀ, ಎಲ್ಲಾದ್ರೂ ಮನೆ ಹುಡುಕಿ, ನಾನು ಬೇಡ ಅನ್ನಲ್ಲ,” ಎಂದರು ಹೆಂಡತಿ. “ಆದ್ರೆ ಬೀರು ನಿಂತ್ಕೊಂಡೇ ಬರ್ಬೇಕು. ಬೀರು ಹೋಗದ ಬೀದಿಗೆ ನಾನೂ ಹೋಗೋದಿಲ್ಲ.”

ಹೆಂಡತಿಯ ತಮ್ಮ ಟೆಂಪೋ ಓಡಿಸುತ್ತಿದ್ದ. ಸಾಮಾನು ಸಾಗಿಸುವ ಹೊಣೆ ಅವನದು.

“ಭಾವ, ನನ್ನ ಗಾಡಿ ಬೀದಿ ಬಾಯಿವರೆಗೆ ಬರುತ್ತೆ,” ಎಂದ. “ಅಲ್ಲಿಂದಾಚೆ ಹಮಾಲಿಗಳು ಹೊರಬೇಕು. ಬೀದಿ ಇಕ್ಕಟ್ಟಾಗಿದ್ರೆ ಮುಗೀತು. ಹೋದ ತಿಂಗಳು ಯಾರದ್ದೋ ಫ್ರಿಜ್ಜು ಎರಡು ಗೋಡೆ ಮಧ್ಯೆ ಸಿಕ್ಕೊಂಡಿದ್ದು ಇನ್ನೂ ಬಂದಿಲ್ಲ. ಬೀದಿಯವರೆಲ್ಲ ಈಗ ಅದರಲ್ಲೇ ಹಾಲು ಇಟ್ಕೋತಿದ್ದಾರೆ.”

“ನಾನು ಅಳತೆ ಮಾಡದೆ ಕತ್ತರಿ ಮುಟ್ಟೋನಲ್ಲ ಕಣೋ,” ಎಂದರು ಮಾಸ್ತರು.

ಹೀಗೆ ಹುಟ್ಟಿತು ಆ ಗಳ. ಬೀರುವಿನ ಅಗಲ, ಅದರ ಎಡಕ್ಕೊಬ್ಬ ಬಲಕ್ಕೊಬ್ಬ ಹಮಾಲಿ, ಹಮಾಲಿಗಳಿಗೆ ಉಸಿರಾಡಲು ಒಂದೊಂದು ಗೇಣು: ಎಲ್ಲ ಸೇರಿಸಿ, ಬಟ್ಟೆ ಒಣಹಾಕುವ ಬಿದಿರನ್ನು ಮಾಸ್ತರು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೊಯ್ದರು. ಬಸ್ಸಿನಲ್ಲಿ ಯಾರ ಕಣ್ಣಿಗಾದರೂ ಚುಚ್ಚೀತೆಂದು ತುದಿಗಳಿಗೆ ಕೆಂಪು ಚೂರುಬಟ್ಟೆ ಸುತ್ತಿದವರು ಹೆಂಡತಿ. ಈ ಗಳ ಅಡ್ಡಲಾಗಿ ಯಾವ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುತ್ತದೋ ಅದೇ ತಮ್ಮ ಬೀದಿ ಎಂದು ದಂಪತಿಗಳು ನಿಶ್ಚಯಿಸಿದರು.

ರೈಲ್ವೆ ಸ್ಟೇಷನ್ನಿನ ಪಕ್ಕದ ಬೀದಿಯಲ್ಲಿ ಗಳ ಸಲೀಸಾಗಿ ಹೋಯಿತು. ಗಲಾಟೆ ಹೇಗೆ ಎಂದು ಕೇಳಿದ್ದಕ್ಕೆ ಮನೆ ತೋರಿಸಲು ಬಂದವನು, “ಇಲ್ಲಿ ಸೊಳ್ಳೆ ಹಾರಿದ್ರೂ ಕೇಳುತ್ತೆ ಸಾರ್,” ಎಂದ. ಗೂಡ್ಸ್ ರೈಲು ಹೋಗುತ್ತಿದ್ದುದರಿಂದ ಆ ಮಾತನ್ನು ಮಾಸ್ತರರ ಕಿವಿಗೆ ಬಾಯಿಟ್ಟು ಹೇಳಬೇಕಾಯಿತು. ದಿಣ್ಣೆಯ ಮೇಲಿನ ಬೀದಿಯಲ್ಲೂ ಗಳ ಹೋಯಿತು, ಭಾವಮೈದ ಹೋಗಲಿಲ್ಲ. ಅವನು ಕೆಳಗೇ ನಿಂತು, “ಭಾವ, ಇಲ್ಲಿಗೆ ಬೀರು ಹತ್ತಿಸೋದಕ್ಕಿಂತ ದಿಣ್ಣೇನೇ ಕೆಳಗಿಳಿಸೋದು ಸುಲಭ,” ಎಂದುಬಿಟ್ಟ.

ಉಳಿದದ್ದು ಟ್ಯಾಂಕಿನ ಹಿಂದಿನ ಬೀದಿ. ಕಾರ್ಖಾನೆಗೆ ಹತ್ತಿರ, ಗಲಾಟೆ ಇಲ್ಲ, ನೆಲ ಸಮ. ಗಳ ಮಾತ್ರ ಗಿರಣಿಯ ಮುಂದೆ ಸಿಕ್ಕಿಕೊಂಡಿತು.

ಮಾಸ್ತರು ಅಭ್ಯಾಸಬಲದಿಂದ ಚಾಕ್‌ಪೀಸು ತೆಗೆದು, ಗಳ ತಾಗಿದ ಎರಡೂ ಕಡೆ ಒಂದೊಂದು ಗುಣಾಕಾರದ ಗುರುತು ಹಾಕಿದರು. ಬಟ್ಟೆಯ ಮೇಲೆ ಹಾಕಿದ್ದರೆ ಅದರ ಅರ್ಥ ‘ಇಲ್ಲಿ ಬಿಗಿಯಾಗುತ್ತದೆ, ನೋಡಿಕೋ’ ಎಂದಷ್ಟೇ.

ಮೆಟ್ಟಿಲಿನ ಮನೆಯ ಬಾಗಿಲು ತೆರೆಯಿತು. ಅದು ನಿವೃತ್ತ ಬ್ಯಾಂಕ್ ಮ್ಯಾನೇಜರರ ಮನೆ. ಬೀದಿಯ ನಿವಾಸಿಗಳ ಸಂಘಕ್ಕೆ ಅವರೇ ಅಧ್ಯಕ್ಷರು. ಅವರು ಕೆಲಸದಲ್ಲಿದ್ದಾಗ ಮನೆಗೆ ಒಂದೇ ಮೆಟ್ಟಿಲು ಇತ್ತು. ನಿವೃತ್ತಿಯಾದ ಮೇಲೆ ಬಿಡುವು ಹೆಚ್ಚಾಗಿ, ಮೆಟ್ಟಿಲುಗಳು ಒಂದೊಂದಾಗಿ ಬೀದಿಗೆ ಇಳಿದಿದ್ದವು. ಮ್ಯಾನೇಜರು ಮೊದಲು ಗಳ ನೋಡಿದರು, ಆಮೇಲೆ ಕೆಂಪು ಬಟ್ಟೆ, ಆಮೇಲೆ ತಮ್ಮ ಮೆಟ್ಟಿಲ ಮೇಲಿನ ಗುರುತು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ. ಆದರೂ ಅವರ ಕೈ ಹೆಗಲಿಗೆ ಹೋಯಿತು.

“ಏನ್ ಸಾರ್ ಇದು, ಬೆಳಬೆಳಿಗ್ಗೆ?”

“ಅಳತೆ ನೋಡ್ತಿದ್ದೆ. ಇಲ್ಲಿ ಸ್ವಲ್ಪ ಇಕ್ಕಟ್ಟಾಯ್ತು.”

“ಭಾನುವಾರಾನೂ ಡ್ಯೂಟೀನಾ?”

“ಬೇರೆ ದಿನ ಪುರುಸೊತ್ತೆಲ್ಲಿ ಸಾರ್? ತಿಂಗಳ ಕೊನೆಗೆ ಬುಲ್ಡೋಜರ್ ಬರುತ್ತೆ. ಅಷ್ಟರೊಳಗೆ ಇದೆಲ್ಲ ಮುಗೀಬೇಕು.”

ಮ್ಯಾನೇಜರು ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. “ಇದೇ ಬೀದಿ ಅಂತ ತೀರ್ಮಾನ ಆಗಿಹೋಯ್ತಾ?”

“ಇನ್ನೂ ಇಲ್ಲ. ಸ್ಟೇಷನ್ ಬೀದಿ, ದಿಣ್ಣೆ ಬೀದಿ ಎರಡೂ ನೋಡ್ದೆ. ನನ್ನ ಮನಸ್ಸೇನೋ ಇದರ ಮೇಲೇ ಇದೆ. ನೀವೇ ಹೇಳಿ ಸಾರ್, ಈ ಬೀದಿ ಹೇಗೆ?”

ಬೀದಿಯ ಬಗ್ಗೆ ಕಂಡಕಂಡವರಲ್ಲಿ ಜಂಬ ಕೊಚ್ಚಿಕೊಂಡು ಬಂದಿದ್ದ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

“ಇದೂ ಒಂದು ಬೀದೀನಾ ಸಾರ್! ಕುಡಿಯೋಕೆ ನೀರಿಲ್ಲ.”

“ಟ್ಯಾಂಕು ಇಲ್ಲೇ ಇದೆಯಲ್ಲ?”

“ಅದೇ ದುರಂತ. ದೀಪದ ಬುಡ ಕತ್ತಲೆ. ಸಂಜೆ ಆದ್ರೆ ಸೊಳ್ಳೆ, ಬೆಳಗಾದ್ರೆ ನಾಯಿ, ಮಧ್ಯಾಹ್ನ ಗಿರಣಿ ಧೂಳು. ಜನ ಅಂತೂ, ಹೋಗ್ಲಿ ಬಿಡಿ, ನಾನೂ ಅವರಲ್ಲೊಬ್ಬ. ದಿಣ್ಣೆ ಬೀದಿಗೆ ಹೋಗಿ ಸಾರ್. ಸ್ವರ್ಗ! ಅಲ್ಲಿ ಎಷ್ಟು ಬೇಕಾದ್ರೂ ಅಳೀರಿ!”

ಮನೆ ಹುಡುಕಲು ಹೊರಟ ಮೇಲೆ ಮಾಸ್ತರರಿಗೆ ಎದುರಾದ ಮೊದಲ ಸತ್ಯವಂತ ಇವರು. ಅವರಿಗೆ ಕೈಮುಗಿದು, ಗಳವನ್ನು ಓರೆಮಾಡಿ ಬಿಡಿಸಿಕೊಂಡು ಮನೆಗೆ ಬಂದವರೇ ಹೆಂಡತಿಗೆ ವರದಿ ಒಪ್ಪಿಸಿದರು.

“ತಮ್ಮ ಬೀದೀನ ತಾವೇ ಬೈಕೊಳ್ಳೋ ಜನ ಕಣೇ! ಬದುಕಿದ್ರೆ ಅಂಥೋರ ಮಧ್ಯೆ ಬದುಕ್ಬೇಕು.”

“ಬೀರು?”

“ಒಂಚೂರು ಸಿಕ್ಕಿಕೊಳ್ಳುತ್ತೆ.”

“ನಾಳೆ ಸಂಜೆ ನಾನೇ ಬರ್ತೀನಿ. ಸಿಕ್ಕಿಕೊಳ್ಳೋದು ಏನು ಅಂತ ನೋಡೇಬಿಡೋಣ.”

ಅಷ್ಟರಲ್ಲಿ ಟ್ಯಾಂಕಿನ ಬೀದಿಯಲ್ಲಿ ತುರ್ತು ಸಭೆ ನಡೆದಿತ್ತು. ರಸ್ತೆ ಅಗಲ ಮಾಡಲು ನಗರಸಭೆ ಮೂರು ಬೀದಿ ನೋಡಿದೆ, ನಮ್ಮದರ ಮೇಲೆ ಕಣ್ಣಿದೆ, ಗುರುತು ಬಿದ್ದಾಗಿದೆ ಎಂದು ಅಧ್ಯಕ್ಷರು ತಿಳಿಸಿದರು. ಗಿರಣಿ ನಡೆಸುವ ಹೆಂಗಸು, ಎಲ್ಲರ ಬಾಯಲ್ಲಿ ಗಿರಣಿಯಮ್ಮ, ತನ್ನ ಕಟ್ಟೆ ನೆನೆದು ತಲೆ ಮೇಲೆ ಕೈ ಹೊತ್ತುಕೊಂಡಳು. ಹಲ್ಲಿನ ಡಾಕ್ಟರು ತಮ್ಮ ದವಾಖಾನೆಯ ಮುಂದೆ ಸಿಮೆಂಟಿನ ಇಳಿಜಾರು ಹಾಕಿಸಿ ವರ್ಷವೂ ಆಗಿರಲಿಲ್ಲ. ಬೇರೆಯವರ ಹಲ್ಲು ಕೀಳುವಾಗ ಇಲ್ಲದ ಕಳವಳ ಅವರ ಮುಖದಲ್ಲಿತ್ತು.

ಸೋಮವಾರ ಸಂಜೆ ದಂಪತಿಗಳು ಬಂದಾಗ ಬೀದಿಗೆ ಬೀದಿಯೇ ಕಾದಿತ್ತು. ಕುರ್ಚಿ ಬಂತು, ಟೀ ಬಂತು.

“ಸಾಹೇಬ್ರು ಯಾವ ಸೆಕ್ಷನ್ನು?” ಡಾಕ್ಟರು ಮೆಲ್ಲಗೆ ವಿಚಾರಿಸಿದರು.

“ಕಟಿಂಗ್,” ಎಂದರು ಮಾಸ್ತರು. ಗೌರವದಿಂದ ಕೇಳಿದವರಿಗೆ ವಿವರವಾಗಿ ಹೇಳುವುದು ಅವರ ದೌರ್ಬಲ್ಯ. “ಕೈಕೆಳಗೆ ಎಂಟು ಜನ ಇದ್ದಾರೆ. ಆದ್ರೆ ಗುರುತು ಹಾಕೋದು ನಾನೊಬ್ಬನೇ. ನಾನು ಒಂದು ಸಲ ಗುರುತು ಹಾಕಿದ್ರೆ ಮುಗೀತು. ಮೆಷಿನು ಬಂದು ಸಾಲಾಗಿ ಕತ್ತರಿಸಿಕೊಂಡು ಹೋಗುತ್ತೆ.”

“ತಪ್ಪಿ ಬೇರೆ ಕಡೆ ಕತ್ತರಿಸಿದ ಉದಾಹರಣೆ…”

“ಇದುವರೆಗೂ ಇಲ್ಲ.”

ಡಾಕ್ಟರು ಕುರ್ಚಿಯಲ್ಲಿ ಕುಸಿದರು. ಅದು ಮಾಸ್ತರರಿಗೆಂದು ತಂದ ಕುರ್ಚಿ.

ಅಷ್ಟರಲ್ಲಿ ಹೆಂಡತಿ ಬೀದಿಯ ಮಧ್ಯೆ ನಡೆದಾಗಿತ್ತು. ಹಿಂದೆ ಗಳ ಹೊತ್ತು ಮಾಸ್ತರು. ಗಳ ಹೊರುವವನಿಗಿಂತ ಬರಿಗೈಯಲ್ಲಿ ಬೆರಳು ತೋರಿಸುವವರೇ ದೊಡ್ಡ ಅಧಿಕಾರಿ ಎಂಬುದು ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ.

“ಈ ಮೆಟ್ಟಿಲು ಅಡ್ಡ. ಆ ಕಟ್ಟೆ ಅಡ್ಡ. ಈ ಇಳಿಜಾರು ಯಾರ್ದು?”

“ನಂದೇ ಮೇಡಂ. ಪೇಷೆಂಟುಗಳಿಗೆ ಅನುಕೂಲ ಆಗ್ಲಿ ಅಂತ…”

“ಹೊತ್ಕೊಂಡು ಹೋಗೋರು ಇಲ್ಲಿ ಎಡವಿ ಬಿದ್ರೆ ಏನ್ ಗತಿ?”

ಹೊತ್ತುಕೊಂಡು ಹೋಗುವುದು ಯಾರನ್ನು ಎಂದು ಕೇಳುವ ಧೈರ್ಯ ಡಾಕ್ಟರಿಗೆ ಬರಲಿಲ್ಲ.

ಮ್ಯಾನೇಜರು ಗಳದ ಕಡೆ ಕೈ ತೋರಿಸಿ ಅಂಗಲಾಚಿದರು. “ಮೇಡಂ, ಈ ಅಳತೇಲಿ ಸ್ವಲ್ಪ ಕಡಿಮೆ ಮಾಡ್ಕೊಳ್ಳೋಕೆ ಆಗೋದೇ ಇಲ್ವಾ?”

“ಅದು ನಮ್ಮಪ್ಪ ಮಾಡಿಟ್ಟು ಹೋದದ್ದು. ಕಡಿಮೆ ಮಾಡೋಕೆ ನಾನ್ಯಾರು?”

ಇವರ ತಂದೆಯೂ ಇದೇ ಇಲಾಖೆಯಲ್ಲಿ ಭಾರಿ ಹುದ್ದೆಯಲ್ಲಿದ್ದರೆಂದು ಬೀದಿ ತೀರ್ಮಾನಿಸಿತು.

ಆಗ ಹೆಂಡತಿ ಕೇಳಿದರು, “ಅದಿರ್ಲಿ, ಇಲ್ಲೆಲ್ಲಾದ್ರೂ ಮನೆ ಖಾಲಿ ಇದೆಯಾ?”

ಗಿರಣಿಯಮ್ಮ ಮ್ಯಾನೇಜರರ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು, “ಅಧ್ಯಕ್ಷರೇ, ಮಾಮೂಲು ಬಾಯಿಬಿಟ್ಟು ಕೇಳೇಬಿಟ್ರು ನೋಡಿ!”

“ಪೂರ್ತಿ ಮನೇನಾ ಮೇಡಂ?” ಮ್ಯಾನೇಜರರ ದನಿ ಸಣ್ಣದಾಗಿತ್ತು.

“ಪೂರ್ತಿ ಏನ್ಮಾಡ್ಲಿ? ನಮಗಿಬ್ರಿಗೆ ಸಾಕಾಗೋಷ್ಟು. ಬಾಡಿಗೆಗೆ.”

“ಬಾಡಿಗೆಗಂತೆ!” ಡಾಕ್ಟರು ಬೆರಗಾಗಿ ಉಸುರಿದರು. “ಎಷ್ಟು ನಾಜೂಕು ನೋಡಿ. ಎಲ್ಲೂ ಸಿಕ್ಕಿಹಾಕಿಕೊಳ್ಳೋ ಹಾಗೇ ಇಲ್ಲ.”

ಮ್ಯಾನೇಜರರು ವಾಸವಿದ್ದದ್ದು ಮಹಡಿಯಲ್ಲಿ, ಕೆಳಗಿನ ಭಾಗ ಖಾಲಿ ಇತ್ತು. ಇಷ್ಟು ದಿನ ಬಂದವರಿಗೆಲ್ಲ ನೂರೆಂಟು ಪ್ರಶ್ನೆ ಕೇಳಿ ವಾಪಸು ಕಳಿಸಿದ್ದವರು, ಬೀದಿಯ ಹಿತಕ್ಕಾಗಿ ಬೀಗದಕೈ ತಂದು ಎರಡು ಕೈಯಿಂದ ಒಪ್ಪಿಸಿದರು. ಹೆಂಡತಿ ಒಳಗೆ ಹೋಗಿ ಅಡುಗೆಮನೆ ನೋಡಿದರು, ನಲ್ಲಿ ತಿರುಗಿಸಿದರು. ನೀರಿಲ್ಲದ ಬೀದಿಯಲ್ಲಿ ನೀರು ಧೋ ಎಂದು ಬಂತು. ಅಳತೆ ಗಂಡನ ಪಾಲಿನ ಕೆಲಸವಾದ್ದರಿಂದ ಬೇರೇನೂ ನೋಡಲಿಲ್ಲ. ಗಂಡ ಗಳವನ್ನು ಬಾಗಿಲಿನ ಹೊರಗೆ ಒರಗಿಸಿ ಬಂದಿದ್ದರು.

“ಮನೆ ಒಪ್ಪಿಗೆ. ಮೆಟ್ಟಿಲು?” ಎಂದರು ಹೆಂಡತಿ ಹೊರಬಂದು.

“ನಾನೇ ತೆಗೆಸ್ತೀನಿ ಮೇಡಂ! ಬುಲ್ಡೋಜರ್ ಯಾಕೆ? ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?”

ಆ ವಾರವಿಡೀ ಟ್ಯಾಂಕಿನ ಬೀದಿಯಲ್ಲಿ ಸುತ್ತಿಗೆಯ ಸದ್ದು. ಮೆಟ್ಟಿಲು ಒಂದಕ್ಕೆ ಇಳಿಯಿತು. ಗಿರಣಿಯ ಕಟ್ಟೆ ನೆಲಸಮವಾಯಿತು. ಡಾಕ್ಟರ ಇಳಿಜಾರು ಬೇರು ಸಮೇತ ಹೊರಬಂತು. ಆ ಕೆಲಸದಲ್ಲಿ ಅವರಿಗೆ ಅನುಭವವಿತ್ತು. ಗುರುತು ಬೀಳದ ಮನೆಯವರೂ, ನಮಗೇಕೆ ಬೀಳಲಿಲ್ಲ, ಇದರಲ್ಲಿ ಏನೋ ಮರ್ಮವಿದೆ ಎಂದು ಹೆದರಿ ತಮ್ಮ ತಮ್ಮ ಹೂಕುಂಡ, ನೀರಿನ ಡ್ರಮ್ಮು, ಕೆಟ್ಟು ನಿಂತ ಸ್ಕೂಟರುಗಳನ್ನು ಒಳಗೆ ತೆಗೆದುಕೊಂಡರು.

ಮುಂದಿನ ಭಾನುವಾರ ಮಾಸ್ತರು ಗಳ ಹಿಡಿದು ಬಂದರು. ಗಳ ಈ ತುದಿಯಿಂದ ಆ ತುದಿಗೆ ಎಲ್ಲೂ ತಾಗದೆ ಹೋಯಿತು. ನಂಬಿಕೆಯಾಗದೆ ಮಾಸ್ತರು ವಾಪಸೂ ಬಂದರು. ಗಿರಣಿಯ ಗೋಡೆಗೆ ಒರಗಿಸಿಟ್ಟಿದ್ದ ಕಟ್ಟೆಯ ಕಲ್ಲಿನ ಮೇಲೆ ಉಳಿದಿದ್ದ ಚಾಕ್‌ಪೀಸಿನ ಪುಡಿಯನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿ, “ಇನ್ನು ಈ ಬೀದಿಗೆ ಏನೂ ತೊಂದರೆ ಇಲ್ಲ,” ಎಂದರು. ಬೀದಿ ಚಪ್ಪಾಳೆ ತಟ್ಟಿತು. ಹೊಸ ಬಾಡಿಗೆದಾರರಿಗೆ ಇಂಥ ಸ್ವಾಗತ ಕೊಡುವ ಜನ ಇನ್ನೂ ಇದ್ದಾರೆ ಎಂದು ಮಾಸ್ತರು ಕಾರ್ಖಾನೆಯಲ್ಲಿ ಮೂರು ದಿನ ಹೇಳಿಕೊಂಡು ತಿರುಗಿದರು.

ತಿಂಗಳ ಕೊನೆಯ ದಿನವೂ ಭಾನುವಾರವೇ ಆಗಿತ್ತು. ಹಳೆಯ ಮನೆಯ ಮುಂದೆ ಬುಲ್ಡೋಜರ್ ಬಂದು, ಮೊದಲ ಕೆಲಸವೆಂದು ಹಜಾರದ ಗೋಡೆಯನ್ನೇ ಉರುಳಿಸಿತು. ಬೀರು ನಿಂತ ಜಾಗದಿಂದ ನೇರ ಬಯಲಿಗೆ ಬಂತು. ಟೆಂಪೋ ಏರಿತು. ಟ್ಯಾಂಕಿನ ಬೀದಿಯ ಬಾಯಲ್ಲಿ ಇಳಿಯಿತು. ಹಮಾಲಿಗಳು ಅದನ್ನು ನಿಂತ ನಿಲುವಿನಲ್ಲೇ ಎತ್ತಿ ಹೊರಟರು. ಎರಡೂ ಮಗ್ಗುಲಿಗೆ ಉಸಿರಾಡಲು ಒಂದೊಂದು ಗೇಣು ಜಾಗವಿತ್ತು. ಮಾಸ್ತರು ಮುಂದೆ ಮುಂದೆ ನಡೆಯುತ್ತ ಗೇಣಿಟ್ಟು ಎಲ್ಲರಿಗೂ ತೋರಿಸುತ್ತಿದ್ದರು.

ಮ್ಯಾನೇಜರು ಮಹಡಿಯಿಂದ ಓಡಿ ಇಳಿದು ಭಾವಮೈದನ ತೋಳು ಹಿಡಿದರು. “ಏನಪ್ಪಾ ಇದು? ಸಾಹೇಬ್ರು ಖುದ್ದಾಗಿ ಇಲ್ಲೇ ಇರ್ತಾರಾ?”

“ಯಾವ ಸಾಹೇಬ್ರು?”

“ಇವರೇ. ನಗರಸಭೆ ಕಟಿಂಗ್ ಸೆಕ್ಷನ್ ಸಾಹೇಬ್ರು.”

“ನಮ್ಮ ಭಾವನಾ?” ಅವನು ತಲೆಯ ಮೇಲಿದ್ದ ಹಾಸಿಗೆ ಸುರುಳಿ ಕೆಳಗಿಟ್ಟು ಮನಸಾರೆ ನಕ್ಕ. “ಅವರು ಕತ್ತರಿಸೋದು ಸ್ಕೂಲ್ ಹುಡುಗರ ಚಡ್ಡಿ ಸಾರ್!”

ಅದೇ ಗಳಿಗೆಗೆ ಹಿಂದಿನಿಂದ ಧಡ್ ಎಂದು ಸದ್ದಾಯಿತು. ಬೀರುವಿನ ನೆತ್ತಿ ಬಾಗಿಲಿನ ಮೇಲಿನ ಗೋಡೆಗೆ ಬಡಿದಿತ್ತು. ಬಾಗಿಲಿಗಿಂತ ಬೀರು ಒಂದೂವರೆ ಗೇಣು ಎತ್ತರ. ಬೀದಿಗಳಿಗೆ ಚಾವಣಿ ಇರುವುದಿಲ್ಲವಾದ್ದರಿಂದ ಎತ್ತರ ಅಳೆಯುವ ಅಗತ್ಯ ಮಾಸ್ತರರಿಗೆ ಎಲ್ಲೂ ಕಂಡಿರಲಿಲ್ಲ.

“ಅಡ್ಡ ಅಳೆದ್ರಿ, ಉದ್ದ ಬಿಟ್ರಲ್ಲ ಭಾವ!” ಎಂದ ಭಾವಮೈದ. “ಆಯ್ತು ಬಿಡಿ. ಜೀವಮಾನವೆಲ್ಲ ಚಡ್ಡಿ ಕತ್ತರಿಸಿದೋರಿಗೆ ಉದ್ದದ ಚಿಂತೆ ಎಲ್ಲಿಂದ ಬರ್ಬೇಕು?”

“ನನ್ನ ಮೆಟ್ಟಿಲು!” ಮ್ಯಾನೇಜರು ಕೂಗಿದರು. “ಮೋಸ! ಹೊರಡಿ ಇಲ್ಲಿಂದ! ಈಗಲೇ ಹೊರಡಿ!”

ಹೊರಡಲು ಜಾಗವಿರಲಿಲ್ಲ. ಹಳೆಯ ಮನೆ ಆ ಹೊತ್ತಿಗೆ ಇಟ್ಟಿಗೆ ರಾಶಿಯಾಗಿತ್ತು. ಮಾಸ್ತರು ಬಾಗಿಲನ್ನೂ ಬೀರುವನ್ನೂ ಗಳವನ್ನೂ ಸರದಿಯಂತೆ ನೋಡುತ್ತ ನಿಂತರು. ಹೆಂಡತಿ ಮಾತ್ರ ಒಂದು ಟ್ರಂಕನ್ನು ಬೀರುವಿನ ಮುಂದೆ ಎಳೆದು ಅದರ ಮೇಲೆ ಕೂತರು.

“ಯಾರು ಮೋಸ ಮಾಡಿದ್ದು ಯಜಮಾನ್ರೇ? ನಗರಸಭೆಯೋರು ಅಂತ ನಾವು ಯಾವತ್ತಾದ್ರೂ ಹೇಳಿದ್ವಾ?”

“ಹೇಳ್ಲಿಲ್ಲ, ಆದ್ರೆ…”

“ನಿಮ್ಮ ಮೆಟ್ಟಿಲು ಎಲ್ಲಿತ್ತು?”

“ಅದು… ಬೀದಿ ಅಂಚಿನಲ್ಲಿತ್ತು.”

“ಅಂಚಿನ ಯಾವ ಕಡೆ?”

ಮ್ಯಾನೇಜರು ಬೆಂಬಲಕ್ಕಾಗಿ ಸುತ್ತ ನೋಡಿದರು. ಡಾಕ್ಟರು ತಮ್ಮ ಬೋರ್ಡಿನ ಧೂಳು ಒರೆಸುತ್ತಿದ್ದರು. ಗಿರಣಿಯಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂದ ಹಾಗಾಯ್ತು ಅಧ್ಯಕ್ಷರೇ! ಇರ್ಲಿ ಬಿಡಿ ಅತ್ಲಾಗೆ. ಕಟ್ಟೆ ಹೋದ್ಮೇಲೆ ಗೋಧಿ ಮೂಟೆ ಗಾಡಿ ನನ್ನ ಬಾಗಿಲಿಗೇ ಬರ್ತಿದೆ. ಮೊದಲು ಬೀದಿ ತುದಿಯಿಂದ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿತ್ತು. ಅವರನ್ನ ಕಳಿಸಿದ್ರೆ ನಾನೇ ನನ್ನ ಗಿರಣೀಲಿ ಇಟ್ಕೋತೀನಿ.”

ಮ್ಯಾನೇಜರು ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಮನುಷ್ಯರು ಒಳಗೆ ಬರಬಹುದು. ಬಾಗಿಲಿಗೆ, ಗೋಡೆಗೆ ಯಾರೂ ಕೈ ಹಚ್ಚಕೂಡದು. ಬೀರು ಹೊರಗೇ ಇರತಕ್ಕದ್ದು.

“ಆಗ್ಲಿ, ಹೊರಗೇ ಇರುತ್ತೆ,” ಎಂದರು ಹೆಂಡತಿ. “ಮಲಗಿಸೋದಂತೂ ಇಲ್ಲ.”

ಬೀರು ಮೆಟ್ಟಿಲುಗಳು ಇದ್ದ ಜಾಗದಲ್ಲಿ, ಮೆಟ್ಟಿಲುಗಳಿಗಿಂತ ಭದ್ರವಾಗಿ ನಿಂತಿತು. ಬಟ್ಟೆ, ಕಂಬಳಿ, ಕನ್ನಡಿ ಎಲ್ಲವೂ ಅದರೊಳಗೇ ಇದ್ದವು. ಕೆಲಸಕ್ಕೆ ಹೊರಡುವ ಮೊದಲು ಮಾಸ್ತರು ಬೀದಿಗೆ ಬಂದು ಬೀರು ತೆರೆದು ಅಂಗಿ ಆರಿಸಿಕೊಳ್ಳುವುದು, ಗಿರಣಿಗೆ ಬಂದವರು “ಮಾಸ್ತರೇ, ನೀಲಿ ಹಾಕ್ಕೊಳ್ಳಿ” ಎಂದು ಸಲಹೆ ಕೊಡುವುದು ಮೊದಲ ಬೆಳಿಗ್ಗೆಯೇ ಶುರುವಾಯಿತು.

ಆ ಸೋಮವಾರ ಹನ್ನೊಂದು ಗಂಟೆಗೆ ನಗರಸಭೆಯ ನಿಜವಾದ ಇಂಜಿನಿಯರು ಬಂದರು. ಅವರ ಕೈಯಲ್ಲಿ ಕೆಂಪು ಪಟ್ಟೆಯ ಕೋಲು ಇದ್ದದ್ದನ್ನು ನೋಡಿ ಗಿರಣಿಯಮ್ಮ, “ನೀವು ಯಾವ ಅಂಗಡಿ ಟೈಲರ್ರು?” ಎಂದು ಕೇಳಿದಳು. ಯಾರೂ ಕುರ್ಚಿ ತರಲಿಲ್ಲ. ಇಂಜಿನಿಯರು ಬೀದಿಯುದ್ದಕ್ಕೂ ನಡೆದು, ತಮ್ಮ ಸೇವಾವಧಿಯಲ್ಲಿ ಇಷ್ಟು ಸ್ವಚ್ಛವಾದ ಬೀದಿ ಕಂಡಿಲ್ಲ ಎಂದರು. ಅವರಿಗೆ ಸಿಕ್ಕ ಒತ್ತುವರಿ ಒಂದೇ. ಅದು ಮ್ಯಾನೇಜರರ ಮನೆಯ ಮುಂದಿದ್ದುದರಿಂದ, ವಾರದೊಳಗೆ ತೆರವು ಮಾಡತಕ್ಕದ್ದೆಂಬ ನೋಟೀಸನ್ನು ಮ್ಯಾನೇಜರರ ಹೆಸರಿಗೇ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿ ಹೋದರು.

ಗುರುವಾರ ಮ್ಯಾನೇಜರು ಗಾರೆಯವರನ್ನು ಕರೆಸಿ ಕೆಳಮನೆಯ ಬಾಗಿಲಿನ ಮೇಲಿನ ಗೋಡೆ ಒಡೆಸಿದರು. ಎಲ್ಲಿಯವರೆಗೆ ಒಡೆಯಬೇಕೆಂದು ಸ್ಟೂಲು ಹತ್ತಿ ಚಾಕ್‌ಪೀಸಿನಿಂದ ಗುರುತು ಹಾಕಿಕೊಟ್ಟವರು ಕಟಿಂಗ್ ಮಾಸ್ತರು.